ಎಲ್‌ಇಡಿಯ ತಲೆ ಉಜ್ಜುವ ಕೆಲಸ: ಎಲ್ಲಿ ನಿಲ್ಲಿಸಬೇಕು, ಎಷ್ಟು ಹೊಳಪು ಬೇಕು

ಐದು ಮಿಲಿಮೀಟರ್ ಎಲ್‌ಇಡಿಯ ತಲೆ ಏಕೆ ಗುಮ್ಮಟದಂತಿದೆ ಎಂದು ತಿಳಿಯದೆ ಅದನ್ನು ಉಜ್ಜಲು ಕೂರಬೇಡಿ. ನನ್ನ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವ ಮಾತು ಇದು. ಶಿವಮೊಗ್ಗದ ಒಂದು ಇಂಜಿನಿಯರಿಂಗ್ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ನಾನು ಬೋಧಕಿ. ಆಪ್ಟಿಕಲ್ ಫೈಬರ್, ಅಂದರೆ ಬೆಳಕನ್ನು ತನ್ನೊಳಗೇ ಸಾಗಿಸುವ ಎಳೆ, ಇದರ ಪ್ರಯೋಗ ನಮ್ಮ ಮೊದಲ ವರ್ಷದವರಿಗೆ ಇದ್ದೇ ಇರುತ್ತದೆ. ಪ್ರಯೋಗಾಲಯದ ಸಿದ್ಧ ಪೆಟ್ಟಿಗೆಯಲ್ಲಿ ಫೈಬರ್ ಸಿಕ್ಕಿಸಿ, ಅಂಕಿ ಬರೆದುಕೊಂಡು ಹೋದವರಿಗೆ ಅದರೊಳಗೆ ಏನು ನಡೆಯಿತು ಎಂಬುದು ಗೊತ್ತಾಗುವುದಿಲ್ಲ. ಅದೇ ವಿದ್ಯಾರ್ಥಿ ಒಂದು ಎಲ್‌ಇಡಿಯನ್ನು ಮನೆಯಲ್ಲಿ ತಾನೇ ಸಪಾಟು ಮಾಡಿ, ಫೈಬರಿನ ತುದಿಯನ್ನು ತಾನೇ ಉಜ್ಜಿ, ಎರಡನ್ನೂ ಅಂಟಿಸಿ, ಇನ್ನೊಂದು ತುದಿಯಲ್ಲಿ ಬೆಳಕು ಕಂಡಾಗ ಬೆಳಕಿನ ಪಾಠ ಪೂರ್ತಿ ಅವನದಾಗುತ್ತದೆ. ಅದಕ್ಕೇ ಈ ಕೆಲಸದ ಮೇಲೆ ನನಗೆ ಇಷ್ಟು ಪ್ರೀತಿ.

ಎಲ್‌ಇಡಿಯ ಒಳಗೆ ಬೆಳಕು ಕೊಡುವ ಚಿಪ್ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಅಗಲ ಮಾತ್ರ. ಅದು ಒಂದು ಕಾಲಿನ ತುದಿಯಲ್ಲಿರುವ ಪುಟ್ಟ ಬಟ್ಟಲಿನಲ್ಲಿ ಕೂತಿರುತ್ತದೆ. ಅದರ ನೆತ್ತಿಯಿಂದ ಇನ್ನೊಂದು ಕಾಲಿಗೆ ಸುಮಾರು 25 ಮೈಕ್ರೋಮೀಟರ್ ದಪ್ಪದ, ತಲೆಗೂದಲಿಗಿಂತ ತೆಳ್ಳಗಿನ ತಂತಿಯೊಂದು ಕಮಾನಿನಂತೆ ಬಾಗಿ ಹೋಗಿರುತ್ತದೆ. ಸಾಮಾನ್ಯವಾಗಿ ಅದು ಚಿನ್ನದ ತಂತಿ. ಇವೆಲ್ಲವನ್ನೂ ಮುಚ್ಚಿರುವುದು ಎಪಾಕ್ಸಿ ಎಂಬ ಗಟ್ಟಿಯಾದ ಪ್ಲಾಸ್ಟಿಕ್ ರಾಳ. ಎಪಾಕ್ಸಿಯ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಅದು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ, ಹೆಚ್ಚುಕಡಿಮೆ 1.5. ಆದ್ದರಿಂದ ಒಳಗಿನಿಂದ ಬರುವ ಕಿರಣ ಮೇಲ್ಮೈಯ ಲಂಬದಿಂದ ಸುಮಾರು 42 ಡಿಗ್ರಿಗಿಂತ ಹೆಚ್ಚು ಓರೆಯಾಗಿ ತಾಕಿದರೆ ಹೊರಗೆ ಬರದೆ ಒಳಕ್ಕೇ ಮರಳುತ್ತದೆ. ಗುಮ್ಮಟದ ಆಕಾರ ಇರುವುದು ಇದನ್ನು ತಪ್ಪಿಸಲು: ಬಹುಪಾಲು ಕಿರಣಗಳು ಅದನ್ನು ನೇರಕ್ಕೆ ಹತ್ತಿರವಾಗಿಯೇ ತಾಕುತ್ತವೆ. ಜೊತೆಗೆ ಅದು ಮಸೂರವೂ ಹೌದು, ಬೆಳಕನ್ನು ಮುಂದಕ್ಕೆ ಒಟ್ಟುಗೂಡಿಸುತ್ತದೆ.

ತಲೆಯನ್ನು ಸಪಾಟು ಮಾಡಿದರೆ ಈ ಎರಡೂ ಅನುಕೂಲಗಳು ಹೋಗುತ್ತವೆ. ಹೊರಬರುವ ಒಟ್ಟು ಬೆಳಕು ಕಡಿಮೆಯಾಗುತ್ತದೆ, ಬಂದದ್ದು ಅಗಲಕ್ಕೆ ಹರಡುತ್ತದೆ. ಹಾಗಿದ್ದರೂ ಉಜ್ಜುವುದೇಕೆ? ಫೈಬರಿನ ತುದಿಯನ್ನು ಚಿಪ್ಪಿಗೆ ಹತ್ತಿರ ತರಲು. ದುಂಡು ತಲೆಯ ಮೇಲೆ ಒಂದು ಮಿಲಿಮೀಟರ್ ಫೈಬರನ್ನು ಇಟ್ಟರೆ ಅದು ಚಿಪ್ಪಿನಿಂದ ದೂರವೇ ಉಳಿಯುತ್ತದೆ, ಅತ್ತಿತ್ತ ಜಾರುತ್ತದೆ ಕೂಡ.

ಎಲ್‌ಇಡಿಯನ್ನು ಬೆಳಕಿನ ಸಂವೇದಕವಾಗಿ ಬಳಸುವವರಿಗೂ ಇದು ಬೇಕಾಗುತ್ತದೆ. ಅಮೆರಿಕದ ಟೆಕ್ಸಾಸಿನ ಹವ್ಯಾಸಿ ವಿಜ್ಞಾನಿ ಫಾರೆಸ್ಟ್ ಮಿಮ್ಸ್ 1990ರ ದಶಕದಲ್ಲಿ ಸಾಮಾನ್ಯ ಎಲ್‌ಇಡಿಗಳನ್ನೇ ಸಂವೇದಕಗಳಾಗಿಟ್ಟು ಸೂರ್ಯನ ಬೆಳಕನ್ನು ಅಳೆಯುವ ಉಪಕರಣ ಕಟ್ಟಿದರು. ಅಂಥ ಅಳತೆಯಲ್ಲಿ ಮಸೂರವಿರುವ ತಲೆ ತೊಡಕು. ಉಪಕರಣ ಸ್ವಲ್ಪ ವಾಲಿದರೂ ಅಂಕಿ ಏರುಪೇರಾಗುತ್ತದೆ. ಸಪಾಟು ತಲೆ ಅಷ್ಟು ಚಂಚಲವಲ್ಲ.

ಯಾವುದನ್ನು ಉಜ್ಜಬಹುದು, ಯಾವುದನ್ನು ಮುಟ್ಟಬಾರದು

ಪಾರದರ್ಶಕ ತಲೆಯ, ಎರಡು ಕಾಲಿನ 5 ಮಿಲಿಮೀಟರ್ ಎಲ್‌ಇಡಿಯೇ ಕಲಿಯಲು ಒಳ್ಳೆಯದು. ಒಳಗಿನ ತಂತಿ ಕಣ್ಣಿಗೆ ಕಾಣುತ್ತದೆ. ಹಾಲಿನಂತೆ ಮಬ್ಬಾದ, ಬಣ್ಣ ಬೆರೆಸಿದ ತಲೆಯವು ಬೇಡ. ತಂತಿ ಎಲ್ಲಿದೆ ಎಂದು ಊಹಿಸಿ ಉಜ್ಜಬೇಕಾಗುತ್ತದೆ. ಬಿಳಿ ಎಲ್‌ಇಡಿಯಲ್ಲಿ ಬೆಳಕನ್ನು ಬಿಳಿಯಾಗಿಸುವ ಹಳದಿ ಲೇಪ (ಫಾಸ್ಫರ್) ಬಟ್ಟಲಿನೊಳಗೆ ಇರುವುದರಿಂದ ಮೇಲಿನ ಎಪಾಕ್ಸಿಯನ್ನು ಧಾರಾಳವಾಗಿ ಉಜ್ಜಬಹುದು.

ಸರ್ಕ್ಯೂಟ್ ಬೋರ್ಡಿನ ಮೇಲೆ ಅಂಟಿಕೊಂಡು ಕೂರುವ ಚಪ್ಪಟೆ ಎಲ್‌ಇಡಿಗಳಲ್ಲಿ, ಅದರಲ್ಲೂ ಹೆಚ್ಚು ಸಾಮರ್ಥ್ಯದವುಗಳಲ್ಲಿ, ಮೇಲಿರುವುದು ಅನೇಕ ವೇಳೆ ಮೆತ್ತನೆಯ ಸಿಲಿಕೋನ್. ಉಗುರಿನಿಂದ ಒತ್ತಿದರೆ ತಗ್ಗುತ್ತದೆ. ಅದನ್ನು ಕಾಗದಕ್ಕೆ ತಾಗಿಸಿದರೆ ಸಿಲಿಕೋನಿನ ಜೊತೆ ತಂತಿಯೂ ಕಿತ್ತು ಬರುತ್ತದೆ. ಲೋಹದ ಟೊಪ್ಪಿಗೆಯ ಲೇಸರ್ ಡಯೋಡ್ ಮತ್ತು ಗಾಜಿನ ಕಿಟಕಿಯ ಸಂವೇದಕಗಳ ಒಳಗೆ ಎಪಾಕ್ಸಿಯ ಆಸರೆಯೇ ಇಲ್ಲ, ಅವನ್ನೂ ಬಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ಚಿಪ್ಪಿನವರೆಗೆ ಎಂದೂ ಉಜ್ಜಬೇಡಿ. ಕೆಂಪು ಮತ್ತು ಅವಕೆಂಪು ಎಲ್‌ಇಡಿಗಳ ಚಿಪ್ಪಿನಲ್ಲಿ ಆರ್ಸೆನಿಕ್ ಸಂಯುಕ್ತ ಇರುತ್ತದೆ, ಅದರ ಪುಡಿ ಮನೆಯಲ್ಲಿ ಬೇಡ.

ಬಿಪಿಡಬ್ಲ್ಯು 34ರಂಥ ಚೌಕ ಫೋಟೊಡಯೋಡಿನ (ಬೆಳಕನ್ನು ಗ್ರಹಿಸಲೆಂದೇ ಮಾಡಿದ ಬಿಡಿಭಾಗ) ಮುಖ ಮೊದಲೇ ಸಪಾಟು. ಅದರ ಮೇಲೆ ಗೀರು ಬಿದ್ದಿದ್ದರೆ ಕೊನೆಯ ಹಂತದ ಹೊಳಪು ಮಾತ್ರ ಸಾಕು.

ಮೊದಲು ಅಳತೆ

ಎಲ್‌ಇಡಿಯನ್ನು ಬೆಳಕಿಗೆ ಹಿಡಿದು, ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಹತ್ತುಪಟ್ಟಿನ ಭೂತಗನ್ನಡಿಯಲ್ಲಿ ಪಕ್ಕದಿಂದ ನೋಡಿ. ಮೇಲಿನಿಂದ ನೋಡಿ ಎತ್ತರ ಅಂದಾಜು ಮಾಡಬೇಡಿ. ಗುಮ್ಮಟ ಚಿಪ್ಪನ್ನು ಹಿಗ್ಗಿಸಿ ತೋರಿಸುತ್ತದೆ. ಪಕ್ಕದ ಸಿಲಿಂಡರ್ ಭಾಗವೂ ಹಿಗ್ಗಿಸುತ್ತದೆ, ಆದರೆ ಅಡ್ಡಲಾಗಿ ಮಾತ್ರ. ಎತ್ತರದ ದಿಕ್ಕಿನಲ್ಲಿ ಅದು ಸುಳ್ಳು ಹೇಳುವುದಿಲ್ಲ. ಬುಡದಲ್ಲಿ ಹೊರಚಾಚಿದ ಅಂಚಿನ ಮೇಲ್ಭಾಗದಿಂದ ಚಿಪ್ಪಿನವರೆಗೆ ಎಷ್ಟು ಮಿಲಿಮೀಟರ್ ಇದೆ ಎಂದು ವರ್ನಿಯರ್ ಕ್ಯಾಲಿಪರ್ ಪಕ್ಕಕ್ಕಿಟ್ಟು ಓದಿ ಬರೆದುಕೊಳ್ಳಿ. ತಯಾರಕರಿಂದ ತಯಾರಕರಿಗೆ ಇದು ಬದಲಾಗುತ್ತದೆ. ಹಾಗಾಗಿ ಹೊಸ ಪೊಟ್ಟಣ ತಂದಾಗಲೆಲ್ಲ ಅಳೆಯಬೇಕು.

ಈಗ ಎಲ್ಲಿ ನಿಲ್ಲಿಸಬೇಕು ಎಂಬ ಪ್ರಶ್ನೆ. ಈ ಬರಹದಲ್ಲಿ ನೀವು ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಚಿಪ್ಪಿಗೆ ಹತ್ತಿರವಾದಷ್ಟೂ ಬೆಳಕು ಹೆಚ್ಚು ಎಂದು ಹುಡುಗರು ತಂತಿಯ ನೆತ್ತಿಯವರೆಗೂ ಉಜ್ಜಲು ಹೋಗುತ್ತಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ಸಾಮಾನ್ಯ ಪ್ಲಾಸ್ಟಿಕ್ ಫೈಬರಿನ ಹೊರವ್ಯಾಸ 1 ಮಿಲಿಮೀಟರ್, ತಿರುಳು 0.98. ಅದರ ನ್ಯೂಮರಿಕಲ್ ಅಪರ್ಚರ್ 0.5. ಗಾಳಿಯಿಂದ ಬರುವ ಬೆಳಕಾದರೆ ಅಕ್ಷದಿಂದ 30 ಡಿಗ್ರಿಯೊಳಗಿನ ಕಿರಣಗಳನ್ನು ಅದು ಸ್ವೀಕರಿಸುತ್ತದೆ. ಎಪಾಕ್ಸಿಯೊಳಗೆ ಇದೇ ಕೋನ 0.5 ಭಾಗಿಸು 1.5ರ ಸೈನ್ ವಿಲೋಮ, ಅಂದರೆ ಸುಮಾರು 19.5 ಡಿಗ್ರಿ. ಅದಕ್ಕಿಂತ ಓರೆಯಾದ ಕಿರಣ ಫೈಬರಿನ ಮುಖಕ್ಕೆ ಬಿದ್ದರೂ ಒಳಗೆ ಉಳಿಯುವುದಿಲ್ಲ, ಬದಿಯಿಂದ ಸೋರಿಹೋಗುತ್ತದೆ. ಅರ್ಧ ಮಿಲಿಮೀಟರ್ ತ್ರಿಜ್ಯದ ಮುಖ 19.5 ಡಿಗ್ರಿಯ ಶಂಕುವನ್ನು ಪೂರ್ತಿ ತುಂಬುವುದು ಸುಮಾರು 1.4 ಮಿಲಿಮೀಟರ್ ದೂರದಲ್ಲಿ. ಅಲ್ಲಿಗೆ ಮುಟ್ಟಿದಮೇಲೆ ಇನ್ನೂ ಹತ್ತಿರ ಹೋದರೆ ಹೆಚ್ಚು ಸಿಗುವುದೆಲ್ಲ ಫೈಬರ್ ಹೊರಹಾಕುವ ಕಿರಣಗಳೇ. ಆದ್ದರಿಂದ ಚಿಪ್ಪಿನ ಮೇಲೆ ಒಂದೂವರೆ ಮಿಲಿಮೀಟರ್ ಎಪಾಕ್ಸಿ ಉಳಿಸಿ ನಿಲ್ಲಿಸಿ. ತಂತಿಯೂ ಸುರಕ್ಷಿತ, ಬೆಳಕಿನಲ್ಲೂ ನಷ್ಟವಿಲ್ಲ.

ಹಿಡಿಕೆ

ಕೈಬೆರಳುಗಳಲ್ಲಿ ಹಿಡಿದು ಉಜ್ಜಿದರೆ ಎಲ್‌ಇಡಿ ಓಲಾಡುತ್ತದೆ, ಮುಖ ಮತ್ತೆ ದುಂಡಗೇ ಆಗುತ್ತದೆ. ನಾಮಫಲಕ ಮಾಡುವ ಅಂಗಡಿಗಳಲ್ಲಿ ಅಕ್ರಿಲಿಕ್ ಹಾಳೆಯ ಚೂರುಗಳು ಸಿಗುತ್ತವೆ. 4, 5, 6 ಮಿಲಿಮೀಟರ್ ದಪ್ಪದವನ್ನು ಕೇಳಿ ತನ್ನಿ. ನಿಮಗೆ ಬೇಕಾದ ದಪ್ಪವೆಂದರೆ ನೀವು ಬರೆದುಕೊಂಡ ಅಳತೆಗೆ ಒಂದೂವರೆ ಮಿಲಿಮೀಟರ್ ಸೇರಿಸಿದಷ್ಟು. ಅಂಚಿನ ಮೇಲಿಂದ ಚಿಪ್ಪು ಮೂರೂವರೆ ಮಿಲಿಮೀಟರ್ ಎತ್ತರದಲ್ಲಿದ್ದರೆ 5 ಮಿಲಿಮೀಟರ್ ಹಾಳೆ ಸರಿಯಾಗುತ್ತದೆ. ಲೆಕ್ಕ ಎರಡು ದಪ್ಪಗಳ ನಡುವೆ ಬಂದರೆ ಹೆಚ್ಚಿನ ದಪ್ಪವನ್ನೇ ಆರಿಸಿ.

ಸುಮಾರು ಬೆಂಕಿಪೊಟ್ಟಣದಷ್ಟು ಅಗಲದ ಚೂರಿನ ನಾಲ್ಕು ಮೂಲೆಗಳ ಹತ್ತಿರ 5 ಮಿಲಿಮೀಟರ್ ಬಿಟ್‌ನಿಂದ ನಾಲ್ಕು ರಂಧ್ರ ಕೊರೆಯಿರಿ. ಡ್ರಿಲ್ ನೇರವಾಗಿ ಇಳಿಯಬೇಕು. ನಿಲುವಿನ ಡ್ರಿಲ್ ಇರುವವರಲ್ಲಿ ಕೊರೆಸಿಕೊಂಡರೂ ಆದೀತು. ಮೇಲಿನಿಂದ ಎಲ್‌ಇಡಿಗಳನ್ನು ತೂರಿಸಿ. ಬುಡದ ಅಂಚು ಹಾಳೆಯ ಮೇಲೆ ತಡೆದು ನಿಲ್ಲುತ್ತದೆ, ತಲೆ ಕೆಳಗೆ ಹೊರಚಾಚುತ್ತದೆ. ಹಿಂಬದಿಯಲ್ಲಿ ಒಂದೊಂದು ತೊಟ್ಟು ಬಿಸಿ ಅಂಟು ಹಾಕಿ ಕೂರಿಸಿ. ಒಂದೇ ಎಲ್‌ಇಡಿ ಬೇಕಿದ್ದರೂ ನಾಲ್ಕೂ ರಂಧ್ರ ತುಂಬಿಸಿ, ಉಳಿದ ಮೂರರಲ್ಲಿ ಸುಟ್ಟುಹೋದ ಎಲ್‌ಇಡಿಗಳಿರಲಿ. ನಾಲ್ಕು ಕಾಲಿನ ಮೇಲೆ ನಿಂತದ್ದು ವಾಲುವುದಿಲ್ಲ. ಉಜ್ಜುತ್ತಾ ಹೋದಂತೆ ಅಕ್ರಿಲಿಕ್ ಹಾಳೆಯೇ ಕಾಗದಕ್ಕೆ ತಾಗತೊಡಗುತ್ತದೆ. ಕೈಗೆ ಸಿಗುವ ಎಳೆತ ಒಮ್ಮೆಲೇ ಬದಲಾಗುತ್ತದೆ, ಸದ್ದೂ ಬದಲಾಗುತ್ತದೆ. ಅದೇ ನಿಲ್ಲಿಸುವ ಗುರುತು. ಹಾಳೆ ಬಳಸಿದಂತೆಲ್ಲ ತೆಳುವಾಗುತ್ತದೆ. ಪ್ರತಿಸಲ ಅದರ ದಪ್ಪವನ್ನು ಅಳೆದೇ ಮುಂದಿನ ಕೆಲಸ ಆರಂಭಿಸಿ.

ಇನ್ನೊಂದು ಏರ್ಪಾಡನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಉಜ್ಜುವಾಗ ಎಲ್‌ಇಡಿ ಉರಿಯುತ್ತಿರಲಿ. 9 ವೋಲ್ಟ್ ಬ್ಯಾಟರಿ, 4.7 ಕಿಲೋಓಮ್ ರೆಸಿಸ್ಟರ್, ಎರಡು ತೆಳು ವೈರು, ಇಷ್ಟು ಸಾಕು. ಕೆಂಪು ಎಲ್‌ಇಡಿಗೆ ಒಂದೂವರೆ ಮಿಲಿಆಂಪಿಯರ್ ಹೋಗುತ್ತದೆ, ಬಿಸಿಯಾಗುವುದಿಲ್ಲ. ಉಳಿದಿರುವ ಗೀರುಗಳು ಒಳಬೆಳಕಿನಲ್ಲಿ ಹೊಳೆದು ತಾವಾಗಿಯೇ ಕಾಣಿಸಿಕೊಳ್ಳುತ್ತವೆ. ಎಲ್‌ಇಡಿಗೆ ಪೆಟ್ಟಾದರೆ ಆ ಕ್ಷಣವೇ ಆರುತ್ತದೆ ಅಥವಾ ಮಿನುಗುತ್ತದೆ, ಸತ್ತ ಎಲ್‌ಇಡಿಗೆ ಹೊಳಪು ಕೊಡುತ್ತಾ ಕೂರುವ ಪ್ರಸಂಗ ಬರುವುದಿಲ್ಲ. ನೀಲಿ ಎಲ್‌ಇಡಿಯನ್ನು ಮಾತ್ರ ಭೂತಗನ್ನಡಿಯಲ್ಲಿ ನೋಡುವ ಮುನ್ನ ಆರಿಸಿಬಿಡಿ.

ಉಜ್ಜುವುದು

ವಾಹನಗಳಿಗೆ ಬಣ್ಣ ಹೊಡೆಯುವವರು ಬಳಸುವ, ನೀರಿನಲ್ಲಿ ಉಜ್ಜುವ ಕಪ್ಪು ವಾಟರ್ ಪೇಪರ್ ಬೇಕು. ಬಣ್ಣದ ಅಂಗಡಿಯಲ್ಲಿ 400, 600, 1000, 2000 ಸಂಖ್ಯೆಯವನ್ನು ಒಂದೊಂದು ಹಾಳೆ ಕೊಳ್ಳಿ. ಯುರೋಪಿನ ಮಾನದಂಡದ ಪ್ರಕಾರ ಪಿ 400ರ ಹರಳು ಸರಾಸರಿ 35 ಮೈಕ್ರೋಮೀಟರ್, ಪಿ 600ರದ್ದು 26, ಪಿ 1000ರದ್ದು 18, ಪಿ 2000ರದ್ದು 10. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ 0.4ರಿಂದ 0.7 ಮೈಕ್ರೋಮೀಟರ್. 2000ದ ಕಾಗದದಲ್ಲಿ ಎಷ್ಟು ಉಜ್ಜಿದರೂ ಮುಖ ಮಬ್ಬಾಗಿಯೇ ಕಾಣುವುದು ಇದಕ್ಕೇ. ಕೈ ಸೋತಿತು ಎಂದುಕೊಳ್ಳಬೇಡಿ, ಕಾಗದದ ಮಿತಿ ಅದು.

ಕಾಗದದ ಕೆಳಗೆ ಗಾಜು ಇರಬೇಕು. ಗಾಜಿನ ಅಂಗಡಿಯಲ್ಲಿ ಕತ್ತರಿಸಿ ಉಳಿದ ದಪ್ಪ ಗಾಜಿನ ಚೂರಿಗೆ ಅಂಚು ಉಜ್ಜಿಸಿಕೊಂಡು ತನ್ನಿ. ಗಾಜನ್ನು ಒದ್ದೆ ಮಾಡಿ ಕಾಗದ ಹಾಸಿದರೆ ಅದು ತಾನೇ ಹಿಡಿದುಕೊಳ್ಳುತ್ತದೆ. ಮೇಲೆ ಇನ್ನಷ್ಟು ನೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ. ಒಣಗಿದ ಕಾಗದದ ಮೇಲೆ ಒಂದು ಸಲವೂ ಉಜ್ಜಬೇಡಿ. ಎಪಾಕ್ಸಿಯ ಧೂಳು ಶ್ವಾಸಕ್ಕೂ ಚರ್ಮಕ್ಕೂ ಒಳ್ಳೆಯದಲ್ಲ. ನೀರಿದ್ದರೆ ಅದು ಗಾಳಿಗೆ ಏರುವುದಿಲ್ಲ. ಒಣ ಉಜ್ಜಿನಲ್ಲಿ ಎಪಾಕ್ಸಿ ಬಿಸಿಯಾಗಿ ಹಿಗ್ಗಿ ಒಳಗಿನ ತಂತಿಯನ್ನೂ ಎಳೆಯುತ್ತದೆ. ಇದೇ ಕಾರಣಕ್ಕೆ ವೇಗವಾಗಿ ತಿರುಗುವ ಗ್ರೈಂಡರ್ ಚಕ್ರಕ್ಕೆ ಎಲ್‌ಇಡಿಯನ್ನು ಹಿಡಿಯುವುದನ್ನು ನಾನು ಒಪ್ಪುವುದಿಲ್ಲ.

400ರಲ್ಲಿ ಎಂಟರ ಆಕಾರದಲ್ಲಿ, ಹಗುರ ಒತ್ತಡದಲ್ಲಿ ಉಜ್ಜುತ್ತಾ ಹೋಗಿ. ಆಗಾಗ ಹಿಡಿಕೆಯನ್ನು ಕಾಲು ಸುತ್ತು ತಿರುಗಿಸಿ, ಇಲ್ಲದಿದ್ದರೆ ಕೈಯ ಭಾರ ಬೀಳುವ ಕಡೆ ಹೆಚ್ಚು ಸವೆಯುತ್ತದೆ. ಬೇಕಾದ ಎತ್ತರಕ್ಕೆ ಇನ್ನು ಕೂದಲೆಳೆಯಷ್ಟು ಉಳಿದಿರುವಾಗಲೇ 600ಕ್ಕೆ ಬನ್ನಿ. 600ರ ನಂತರ ಎಂಟರ ಆಕಾರ ಬಿಟ್ಟು ಒಂದೇ ದಿಕ್ಕಿನಲ್ಲಿ ಉಜ್ಜಿ, ಮುಂದಿನ ಕಾಗದದಲ್ಲಿ ಅದಕ್ಕೆ ಅಡ್ಡ ದಿಕ್ಕಿನಲ್ಲಿ. ಹಿಂದಿನ ಕಾಗದದ ಗೀರು ಒಂದೂ ಉಳಿದಿಲ್ಲವೆಂದು ಭೂತಗನ್ನಡಿಯಲ್ಲಿ ಖಾತ್ರಿಯಾದಮೇಲೂ ಅಷ್ಟೇ ಹೊತ್ತು ಮತ್ತೆ ಉಜ್ಜಿ. ಗೀರಿನ ಬುಡದಲ್ಲಿ ಕಣ್ಣಿಗೆ ಕಾಣದ ಬಿರುಕು ಇರುತ್ತದೆ, ಅದು ಕೊನೆಯ ಹೊಳಪಿನಲ್ಲಿ ಮತ್ತೆ ತಲೆಯೆತ್ತುತ್ತದೆ. ಕಾಗದ ಬದಲಿಸುವಾಗಲೆಲ್ಲ ಹಿಡಿಕೆ, ಗಾಜು, ಬೆರಳು, ಉಗುರಿನ ಸಂದು ಎಲ್ಲವನ್ನೂ ತೊಳೆಯಬೇಕು, ನೀರೂ ಹೊಸದಾಗಿರಬೇಕು. 400ರ ಒಂದೇ ಹರಳು 2000ದ ಹಾಳೆಗೆ ಬಂದರೆ ಅಷ್ಟು ಹೊತ್ತಿನ ಕೆಲಸ ಹಾಳು.

ಹೊಳಪು ಎಷ್ಟು ಬೇಕು?

ಇಲ್ಲಿ ಒಂದು ಚಿಕ್ಕ ಪರೀಕ್ಷೆ ಮಾಡಿ. 1000ದ ಕಾಗದ ಮುಗಿದಾಗ ಮುಖ ಬೂದು ಬಣ್ಣದಲ್ಲಿ ಮಬ್ಬಾಗಿರುತ್ತದೆ, ಒಳಗಿನ ಚಿಪ್ಪು ಕಾಣುವುದಿಲ್ಲ. ಅದರ ಮೇಲೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಡಿ. ಮಬ್ಬು ತಕ್ಷಣ ಮಾಯವಾಗಿ ಚಿಪ್ಪು, ಬಟ್ಟಲು, ತಂತಿ ಎಲ್ಲವೂ ಸ್ಪಷ್ಟವಾಗುತ್ತವೆ. ಎಣ್ಣೆಯ ಸೂಚ್ಯಂಕ 1.45ರ ಆಸುಪಾಸು, ಎಪಾಕ್ಸಿಯದಕ್ಕೆ ಹತ್ತಿರ. ಎಣ್ಣೆ ಗೀರುಗಳನ್ನು ತುಂಬಿದಾಗ ಬೆಳಕಿಗೆ ಅಲ್ಲಿ ಮೇಲ್ಮೈಯೇ ಇಲ್ಲದಂತಾಗುತ್ತದೆ. ಮಲೆನಾಡಿನ ಡಿಸೆಂಬರ್ ಬೆಳಗಿನಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿ ಬಿಳಿಯಾಗಿರುತ್ತದೆ. ಆಗ ಔಷಧ ಅಂಗಡಿಯ ಗ್ಲಿಸರಿನ್ ಬಳಸಿ, ಅದರ ಸೂಚ್ಯಂಕ 1.47, ಇನ್ನೂ ಒಳ್ಳೆಯದು.

ಈ ತೊಟ್ಟು ಎಣ್ಣೆ ನಿಮ್ಮ ಪ್ರಶ್ನೆಗೆ ಉತ್ತರ ಕೊಟ್ಟುಬಿಟ್ಟಿತು. ಮುಖಕ್ಕೆ ಪಾರದರ್ಶಕ ಅಂಟಿನಿಂದ ಫೈಬರ್ ಅಂಟಿಸುವುದಾದರೆ 1000ದಲ್ಲೇ ನಿಲ್ಲಿಸಿ. ಉಳಿದ ಕೆಲಸ ಅಂಟೇ ಮಾಡುತ್ತದೆ, ತುಸು ಒರಟಾದ ಮುಖಕ್ಕೆ ಅಂಟು ಚೆನ್ನಾಗಿಯೂ ಹಿಡಿಯುತ್ತದೆ. ಮುಖ ಗಾಳಿಗೆ ತೆರೆದಿರುವುದಾದರೆ, ಅಂದರೆ ಫೈಬರನ್ನು ತೆಗೆದು ಹಾಕುವ ಹಾಗಿದ್ದರೆ ಅಥವಾ ಎಲ್‌ಇಡಿ ಸಂವೇದಕವಾಗುವುದಾದರೆ, ಪೂರ್ತಿ ಹೊಳಪು ಬೇಕು. ಪೂರ್ತಿ ಹೊಳಪಿದ್ದರೂ ಎಪಾಕ್ಸಿಯಿಂದ ಗಾಳಿಗೆ, ಗಾಳಿಯಿಂದ ಫೈಬರಿಗೆ ದಾಟುವಾಗ ಒಂದೊಂದು ಕಡೆ ನೂರಕ್ಕೆ ನಾಲ್ಕು ಭಾಗ ಪ್ರತಿಫಲನದಲ್ಲಿ ಹೋಗುತ್ತದೆ. ಅದನ್ನು ಉಜ್ಜಿ ತಪ್ಪಿಸಲಾಗದು.

2000ದ ನಂತರದ ದಾರಿ ಎರಡು. ಆಪ್ಟಿಕಲ್ ಫೈಬರ್ ಜೋಡಿಸುವವರು ಬಳಸುವ ಲ್ಯಾಪಿಂಗ್ ಫಿಲ್ಮ್ (ಬಹಳ ಸಣ್ಣ ಹರಳಿನ, ಉಜ್ಜುವ ಪ್ಲಾಸ್ಟಿಕ್ ಹಾಳೆ) ಸಿಕ್ಕರೆ 3 ಮೈಕ್ರೋಮೀಟರಿನದು, ಆಮೇಲೆ 1 ಮೈಕ್ರೋಮೀಟರಿನದು. ಗಾಜಿನ ಮೇಲೆ ಒದ್ದೆ ಮಾಡಿ ಹಾಸಿ ಹಾಗೆಯೇ ಉಜ್ಜಿದರೆ ಮುಖ ಸಪಾಟಾಗಿಯೇ ಉಳಿದು ಹೊಳೆಯುತ್ತದೆ. ಸಿಗದಿದ್ದರೆ ಬಿಳಿ ಹಲ್ಲುಜ್ಜುವ ಪೇಸ್ಟ್. ಜೆಲ್ ಬೇಡ, ಉಪ್ಪು ಅಥವಾ ಹರಳು ಸೇರಿಸಿದ್ದೂ ಬೇಡ. ಹಳೆಯ ಪಂಚೆಯ ತುಂಡನ್ನು ಗಾಜಿನ ಮೇಲೆ ಬಿಗಿಯಾಗಿ ಎಳೆದು ಕಟ್ಟಿ, ಪೇಸ್ಟನ್ನು ತೆಳ್ಳಗೆ ಸವರಿ ಉಜ್ಜಬೇಕು. ಟರ್ಕಿ ಟವೆಲ್, ವೆಲ್ವೆಟ್ಟಿನಂಥ ಮೆತ್ತನೆ ಬಟ್ಟೆ ಅಂಚುಗಳನ್ನು ದುಂಡಗಾಗಿಸುತ್ತದೆ. ಮೊಬೈಲ್ ಗಾಜಿಗೆ ಬಳಸುವ ಸೀರಿಯಂ ಆಕ್ಸೈಡ್ ಗಾಜಿಗಾಗಿ ಇರುವುದು, ಎಪಾಕ್ಸಿಗೆ ಅಲ್ಯುಮಿನಾ ಒಪ್ಪುತ್ತದೆ.

ಹೊಳಪನ್ನು ನೋಡಲು ಟ್ಯೂಬ್‌ಲೈಟಿನ ಪ್ರತಿಬಿಂಬ ಹಿಡಿಯಿರಿ. ದೀಪದ ಅಂಚು ನೇರ ಗೆರೆಯಾಗಿ ಕಂಡರೆ ಮುಖ ಸಪಾಟು, ಬಾಗಿದ್ದರೆ ಬದಿಗಳು ಇಳಿದಿವೆ. ತೀರಾ ಓರೆಯಲ್ಲಿ ನೋಡಿ ತೃಪ್ತಿಪಡಬೇಡಿ, ಆ ಕೋನದಲ್ಲಿ ಒರಟು ಮುಖವೂ ಕನ್ನಡಿಯಂತೆ ಕಾಣುತ್ತದೆ. ನೇರ ಮೇಲಿನಿಂದ ನೋಡಿದಾಗ ಚಿಪ್ಪಿನ ಅಂಚುಗಳು ಚೂಪಾಗಿ ಕಾಣಬೇಕು. ಆಗ ಚಿಪ್ಪು ನಿಜಕ್ಕಿಂತ ಮೇಲಿರುವಂತೆ ತೋರುತ್ತದೆ. ಒಂದೂವರೆ ಮಿಲಿಮೀಟರ್ ಆಳ ಒಂದು ಮಿಲಿಮೀಟರಿನಂತೆ. ಅದು ವಕ್ರೀಭವನದ ಕೆಲಸ, ಗಾಬರಿ ಬೇಡ.

ಸಾಬೂನು ನೀರಿನಲ್ಲಿ ತೊಳೆದು ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ಒರೆಸಿ. ಥಿನ್ನರ್, ಉಗುರುಬಣ್ಣ ತೆಗೆಯುವ ಅಸಿಟೋನ್ ಹತ್ತಿರ ತರಬೇಡಿ. ಅಸಿಟೋನ್ ಅಕ್ರಿಲಿಕ್ ಹಿಡಿಕೆಯನ್ನೂ, ಅದೇ ವಸ್ತುವಿನಿಂದಾದ ಫೈಬರನ್ನೂ ಕರಗಿಸುತ್ತದೆ.

ಫೈಬರಿನ ತುದಿ ಮತ್ತು ಜೋಡಣೆ

ಫೈಬರನ್ನು ಹೊಸ ಬ್ಲೇಡಿನಿಂದ ಒಂದೇ ಒತ್ತಿಗೆ, ಲಂಬವಾಗಿ ಕತ್ತರಿಸಿ. ಕತ್ತರಿ ಬೇಡ, ತುದಿ ಜಜ್ಜುತ್ತದೆ. ಇನ್ನೊಂದು ಅಕ್ರಿಲಿಕ್ ಚೂರಿನಲ್ಲಿ 1 ಮಿಲಿಮೀಟರ್ ರಂಧ್ರ ಮಾಡಿ ಫೈಬರನ್ನು ತೂರಿಸಿ, ತುದಿ ಒಂದಿಷ್ಟೇ ಹೊರಬಂದಿರುವಂತೆ ಹಿಡಿದು 600, 1000, 2000 ಎಂದು ಅದೇ ಕ್ರಮದಲ್ಲಿ ಉಜ್ಜಿ. ಎಪಾಕ್ಸಿಗಿಂತ ಇದು ಮೃದು, ಬೇಗ ಮುಗಿಯುತ್ತದೆ. ಎಲ್‌ಇಡಿಗೆ ಅಂಟುವ ತುದಿ 1000ದಲ್ಲೇ ಸಾಕು, ಗಾಳಿಗೆ ತೆರೆಯುವ ತುದಿಗೆ ಪೂರ್ತಿ ಹೊಳಪು. ಕೆಂಪು ಬೆಳಕಿಗೆ ಈ ಫೈಬರಿನ ಒಳನಷ್ಟ ಮೀಟರಿಗೆ ಸುಮಾರು 0.2 ಡೆಸಿಬೆಲ್, ಅಂದರೆ ನೂರಕ್ಕೆ ನಾಲ್ಕೈದು ಭಾಗ ಮಾತ್ರ. ಒಂದೆರಡು ಮೀಟರಿನ ಪ್ರಯೋಗದಲ್ಲಿ ಬೆಳಕು ಕಳೆದುಹೋಗುವುದು ಹೆಚ್ಚಾಗಿ ತುದಿಗಳಲ್ಲೇ. ಅವಕೆಂಪು ಎಲ್‌ಇಡಿಯನ್ನು ಈ ಫೈಬರಿಗೆ ಜೋಡಿಸಬೇಡಿ, ಫೈಬರೇ ಅದನ್ನು ಬಹಳ ಹೀರುತ್ತದೆ.

ಜೋಡಿಸುವಾಗ ಇನ್ನೊಂದು ತುದಿಯ ಎದುರು ಎರಡನೆಯ ಎಲ್‌ಇಡಿಯನ್ನು ಇಟ್ಟು, ಅದರ ಕಾಲುಗಳಿಗೆ ಮಲ್ಟಿಮೀಟರನ್ನು ಮೈಕ್ರೋಆಂಪಿಯರ್ ಶ್ರೇಣಿಯಲ್ಲಿ ಸಿಕ್ಕಿಸಿ. ಸಂವೇದಕ ಎಲ್‌ಇಡಿ ಕಳುಹಿಸುವ ಬಣ್ಣಕ್ಕಿಂತ ಉದ್ದ ತರಂಗದ್ದಾಗಿರಬೇಕು: ಹಸಿರನ್ನು ಕೆಂಪು ಎಲ್‌ಇಡಿ ಗುರುತಿಸುತ್ತದೆ, ಕೆಂಪನ್ನು ಹಸಿರು ಎಲ್‌ಇಡಿ ಗುರುತಿಸುವುದಿಲ್ಲ. ಕೆಂಪು ಬೆಳಕನ್ನು ಕಳುಹಿಸುತ್ತಿದ್ದರೆ ಆ ತುದಿಗೆ ಅವಕೆಂಪು ಎಲ್‌ಇಡಿ ಇಡಿ. ಈಗ ಕಳುಹಿಸುವ ಎಲ್‌ಇಡಿಗೆ 470 ಓಮ್ ರೆಸಿಸ್ಟರ್ ಹಾಕಿ ಪೂರ್ತಿ ಉರಿಸಿ, ಸುಮಾರು 15 ಮಿಲಿಆಂಪಿಯರ್ ಹೋಗುತ್ತದೆ. ಎರಡು ಭಾಗ ಬೆರೆಸುವ, ಪಾರದರ್ಶಕ ಎಪಾಕ್ಸಿ ಅಂಟನ್ನು ಗುಳ್ಳೆ ಬಾರದಂತೆ ನಿಧಾನವಾಗಿ ಕಲಸಿ ಮುಖದ ಮೇಲೆ ಒಂದು ಹನಿ ಇಡಿ. ಕ್ಷಣದಲ್ಲಿ ಹಿಡಿಯುವ ಅಂಟು ಇಲ್ಲಿಗೆ ಸಲ್ಲದು. ಅದರ ಆವಿ ಸುತ್ತಲಿನ ಪ್ಲಾಸ್ಟಿಕ್ಕನ್ನು ಬೆಳ್ಳಗೆ ಮಬ್ಬಾಗಿಸುತ್ತದೆ.

ಫೈಬರನ್ನು ಹನಿಯೊಳಗೆ ಇಳಿಸಿ, ಮೀಟರನ್ನು ನೋಡುತ್ತಾ ಕೂದಲೆಳೆಯಷ್ಟು ಅತ್ತಿತ್ತ ಸರಿಸಿ. ಅಂಕಿ ಏರುತ್ತದೆ, ಒಂದು ಕಡೆ ಶಿಖರ ಮುಟ್ಟಿ ಇಳಿಯತೊಡಗುತ್ತದೆ. ಶಿಖರಕ್ಕೆ ಮರಳಿ ತಂದು, ಬಟ್ಟೆ ಒಣಗಿಸುವ ಎರಡು ಕ್ಲಿಪ್ಪುಗಳಿಂದ ಫೈಬರನ್ನು ಮೇಜಿನ ಮೇಲಿನ ಕಟ್ಟಿಗೆಗೆ ಕಚ್ಚಿಸಿ, ಕೋಣೆಯ ದೀಪ ಆರಿಸಿ ಅಂಕಿಯನ್ನು ಬರೆದುಕೊಳ್ಳಿ. ಅಂಟು ಹೆಪ್ಪುಗಟ್ಟುವಾಗ ಸ್ವಲ್ಪ ಕುಗ್ಗಿ ಫೈಬರನ್ನು ಎಳೆಯುವುದುಂಟು. ಆದ್ದರಿಂದ ಮೊದಲ ಕೆಲವು ನಿಮಿಷ ಪಕ್ಕದಲ್ಲೇ ಇದ್ದು ಅಂಕಿ ಇಳಿದರೆ ಸರಿಪಡಿಸಿ. ಐದು ನಿಮಿಷದ ಅಂಟು ಎಂದು ಬರೆದಿದ್ದರೂ ರಾತ್ರಿಯಿಡೀ ಬಿಟ್ಟು, ಮರುದಿನ ಅದೇ ಬ್ಯಾಟರಿ, ಅದೇ ರೆಸಿಸ್ಟರ್, ಅದೇ ಕತ್ತಲೆಯಲ್ಲಿ ಮತ್ತೊಮ್ಮೆ ಅಳೆದು ಹಿಂದಿನ ಅಂಕಿಯ ಪಕ್ಕದಲ್ಲಿ ಬರೆಯಿರಿ.